ಮಾರ್ಲೀಸ್ ಗೋರ್ ಅವರ ಓಟದ ಬದುಕನ್ನು ಇವತ್ತು ಹೇಗೆ ನೋಡಬೇಕು?

ಟ್ರ್ಯಾಕ್_ಪ್ರೇಮಿ:

ಮಹಿಳೆಯರ 100 ಮೀಟರ್ ಅಂದ ತಕ್ಷಣ ಇಲ್ಲಿ ಎಲ್ಲರೂ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಇಲ್ಲವೇ ಜಮೈಕಾದವರ ಹೆಸರು ಹೇಳುತ್ತೀರಿ. ಎಲೆಕ್ಟ್ರಾನಿಕ್ ಗಡಿಯಾರದಲ್ಲಿ 11 ಸೆಕೆಂಡಿನ ಒಳಗೆ ಮೊದಲು ಓಡಿದವರು ಯಾರು ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಅವರು ಪೂರ್ವ ಜರ್ಮನಿಯ ಮಾರ್ಲೀಸ್ ಗೋರ್. ಆಗಿನ ಹೆಸರು ಮಾರ್ಲೀಸ್ ಓಲ್ಸ್‌ನರ್. 1977ರ ಜುಲೈ 1, ಡ್ರೆಸ್ಡೆನ್ ನಗರ, ಸಮಯ 10.88. ವಯಸ್ಸು ಬರೀ 19.

ಇದಕ್ಕೂ ಮುಂಚೆ 1973ರಲ್ಲಿ ಪೂರ್ವ ಜರ್ಮನಿಯವರೇ ಆದ ರೆನಾಟೆ ಸ್ಟೆಚರ್ ಕೈಯಿಂದ ಒತ್ತುವ ಸ್ಟಾಪ್‌ವಾಚ್‌ನಲ್ಲಿ 10.9 ಓಡಿದ್ದರು ನಿಜ. ಆದರೆ ಎಲೆಕ್ಟ್ರಾನಿಕ್ ದಾಖಲೆ ಗೋರ್ ಓಡುವವರೆಗೆ ಪಶ್ಚಿಮ ಜರ್ಮನಿಯ ಆನೆಗ್ರೆಟ್ ರಿಕ್ಟರ್ ಹೆಸರಲ್ಲಿತ್ತು, 11.01. ಅಲ್ಲಿಂದ ಒಂದೇ ಸಲಕ್ಕೆ 10.88. ಸ್ಪ್ರಿಂಟ್‌ನಲ್ಲಿ 13 ಶತಾಂಶ ಅಂದರೆ ಸುಮ್ನೆ ಅಲ್ಲ. ಅವತ್ತು ಹಿಂಗಾಳಿ ಸೆಕೆಂಡಿಗೆ ಸರಿಯಾಗಿ 2.0 ಮೀಟರ್ ಇತ್ತು. ನಿಯಮ ಒಪ್ಪುವ ಗರಿಷ್ಠ ಮಿತಿ ಅದೇ. ಒಂದು ಚೂರು ಜಾಸ್ತಿ ಬೀಸಿದ್ದರೂ ಆ ದಾಖಲೆ ಪುಸ್ತಕಕ್ಕೆ ಸೇರುತ್ತಿರಲಿಲ್ಲ.

ಒಬ್ಬಂಟಿ ಓಟದಲ್ಲಿ ಇವರಿಗೆ ಒಲಿಂಪಿಕ್ ಚಿನ್ನ ಸಿಗಲೇ ಇಲ್ಲ. ಎರಡು ಒಲಿಂಪಿಕ್ ಚಿನ್ನ ಇವೆ, ಎರಡೂ 4x100 ರಿಲೇಯಲ್ಲಿ, ಅಂದರೆ ನಾಲ್ವರು ತಲಾ 100 ಮೀಟರ್ ಓಡಿ ಬೇಟನ್ ದಾಟಿಸುವ ಓಟದಲ್ಲಿ ಬಂದವು. ಇವರನ್ನು ಮೊದಲು ರಿಲೇ ಓಟಗಾರ್ತಿಯಾಗಿಯೇ ನೋಡಬೇಕು ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ನೀವೇನು ಹೇಳುತ್ತೀರಿ?

ಗೆರೆಯಾಚೆ:

ಒಳ್ಳೆ ವಿಷಯ ತೆಗೆದಿರಿ. 1976ರ ಮಾಂಟ್ರಿಯಲ್ ಬಗ್ಗೆ ಸ್ವಲ್ಪ ಬರೆಯಿರಿ. ಆಗ ಇವರಿಗೆ 18 ವರ್ಷ ಅಲ್ವಾ?

ಟ್ರ್ಯಾಕ್_ಪ್ರೇಮಿ:

ಹೌದು, 18. ಹುಟ್ಟಿದ್ದು 1958ರ ಮಾರ್ಚ್ 21ರಂದು, ಗೇರಾ ಊರಲ್ಲಿ. ಓಡುತ್ತಿದ್ದದ್ದು ಯೇನಾ ನಗರದ ಎಸ್‌ಸಿ ಮೋಟರ್ ಕ್ಲಬ್ಬಿಗೆ. ಕೋಚ್ ಹಾರ್ಸ್ಟ್ ಡೀಟರ್ ಹಿಲ್ಲೆ. ರೆನಾಟೆ ಸ್ಟೆಚರ್ ಕೂಡ ಅದೇ ಕ್ಲಬ್ಬಿನವರು, ಬೇರ್ಬೆಲ್ ವೋಕೆಲ್ ಕೂಡ. ಒಂದೇ ಊರಿನ ಒಂದೇ ಕ್ಲಬ್ಬಿನಲ್ಲಿ ಇಂಥವರೆಲ್ಲ ಇದ್ದರು ಅಂದರೆ ಯೋಚನೆ ಮಾಡಿ. ಯೇನಾ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇರೆ ಕಾರಣಕ್ಕೂ ಬರುತ್ತದೆ.

ಮಾಂಟ್ರಿಯಲ್‌ನ 100 ಮೀಟರ್ ಫೈನಲ್‌ನಲ್ಲಿ ಇವರು ಎಂಟನೆಯವರು, ಅಂದರೆ ಕೊನೆಯವರು. ರಿಕ್ಟರ್ ಚಿನ್ನ ಗೆದ್ದರು, ಸ್ಟೆಚರ್ ಎರಡನೆಯವರು, ಇಂಗೆ ಹೆಲ್ಟನ್ ಮೂರನೆಯವರು. ಆದರೆ ರಿಲೇಯಲ್ಲಿ ಮೊದಲ ಓಟ ಇದೇ ಹುಡುಗಿಗೆ ಕೊಟ್ಟರು. ಓಲ್ಸ್‌ನರ್, ಸ್ಟೆಚರ್, ಬೋಡನ್‌ಡಾರ್ಫ್, ಎಕರ್ಟ್. ಎಕರ್ಟ್ ಅಂದರೆ ಮುಂದೆ ವೋಕೆಲ್ ಆದವರು. ಸಮಯ 42.55. ಪಶ್ಚಿಮ ಜರ್ಮನಿ 42.59. ಎರಡು ಜರ್ಮನಿಗಳ ನಡುವೆ ನಾಲ್ಕೇ ಶತಾಂಶ.

1972ರ ಮ್ಯೂನಿಕ್‌ನಲ್ಲಿ ಉಲ್ಟಾ ಆಗಿತ್ತು. ಅಲ್ಲಿ ಕೊನೆಯ ಓಟದಲ್ಲಿ ಪಶ್ಚಿಮದ ಹೈಡೆ ರೋಸೆಂಡಾಲ್ ಚಿನ್ನ ತಂದಿದ್ದರು. ಸ್ಟೆಚರ್ ಆ ವರ್ಷ 100, 200 ಎರಡರಲ್ಲೂ ಒಲಿಂಪಿಕ್ ಚಾಂಪಿಯನ್. ಆದರೂ ರೋಸೆಂಡಾಲ್ ಅವರನ್ನು ಹಿಡಿಯಲು ಆಗಲಿಲ್ಲ. ಹಾಗಾಗಿ ಮಾಂಟ್ರಿಯಲ್‌ನ ಆ ನಾಲ್ಕು ಶತಾಂಶಕ್ಕೆ ಪೂರ್ವ ಜರ್ಮನಿಯಲ್ಲಿ ಎಷ್ಟು ಬೆಲೆ ಇತ್ತು ಅಂತ ನೀವೇ ಊಹಿಸಿ.

ಪಿಟಿ_ಮೇಷ್ಟ್ರು:

ರಿಲೇ ಮಾತು ಬಂತು, ಹಾಗಾಗಿ ನಾನೂ ಒಂದೆರಡು ಮಾತು ಸೇರಿಸುತ್ತೇನೆ. 1985ರ ಅಕ್ಟೋಬರ್ 6ರಂದು ಕ್ಯಾನ್‌ಬೆರಾದ ಅಥ್ಲೆಟಿಕ್ಸ್ ವಿಶ್ವಕಪ್‌ನಲ್ಲಿ ಪೂರ್ವ ಜರ್ಮನಿ 41.37 ಓಡಿ ವಿಶ್ವದಾಖಲೆ ಮಾಡಿತು. ಸಿಲ್ಕೆ ಗ್ಲಾಡಿಶ್, ಸಬೀನೆ ರೀಗರ್, ಇಂಗ್ರಿಡ್ ಔರ್ಸ್‌ವಾಲ್ಡ್, ಕೊನೆಗೆ ಗೋರ್. ನಾಲ್ಕರಿಂದ ಭಾಗಿಸಿದರೆ ತಲಾ 10.35 ಕೂಡ ಬರುವುದಿಲ್ಲ. ಗೋರ್ ಅವರ ಜೀವಮಾನದ ಅತ್ಯುತ್ತಮ ಸಮಯವೇ 10.81. ಉಳಿದ ಅರ್ಧ ಸೆಕೆಂಡ್ ಎಲ್ಲಿಂದ ಬಂತು?

ಮೊದಲನೆಯವರನ್ನು ಬಿಟ್ಟು ಉಳಿದ ಮೂವರೂ ಓಡುತ್ತಲೇ ಬೇಟನ್ ತೆಗೆದುಕೊಳ್ಳುತ್ತಾರೆ. ನಿಂತಲ್ಲಿಂದ ವೇಗಕ್ಕೆ ಬರುವ ಕಾಲ ಅವರಿಗೆ ಲೆಕ್ಕಕ್ಕೆ ಬರುವುದಿಲ್ಲ. ಬೇಟನ್ ಬದಲಾಗುವಾಗ ಎರಡು ಕೈ ಚಾಚಿದಷ್ಟು ದೂರವನ್ನು ಯಾರೂ ಓಡಬೇಕಿಲ್ಲ. ಅದು ಮೂರು ಸಲ ಸಿಗುತ್ತದೆ. ಆಗಿನ ನಿಯಮದಲ್ಲಿ ಬೇಟನ್ ಬದಲಿಸುವ ಜಾಗ 20 ಮೀಟರ್, ಅದಕ್ಕೂ ಹಿಂದೆ 10 ಮೀಟರ್ ವೇಗ ಹಿಡಿಯಲು. ಈಗ ಎರಡನ್ನೂ ಸೇರಿಸಿ 30 ಮೀಟರ್ ಮಾಡಿದ್ದಾರೆ. ಆಗ 20 ಮೀಟರಿನ ಒಳಗೇ ಬದಲಾಗಬೇಕಿತ್ತು, ತಪ್ಪಿದರೆ ತಂಡವೇ ಹೊರಗೆ.

ಕೈ ಲೆಕ್ಕವೂ ಇದೆ. ಮೊದಲನೆಯವರು ಬಲಗೈ, ಎರಡನೆಯವರು ಎಡಗೈ, ಮೂರನೆಯವರು ಬಲಗೈ, ಕೊನೆಯವರು ಎಡಗೈ. ತಿರುವಿನಲ್ಲಿ ಓಡುವವರು ಬಲಗೈಯಲ್ಲಿ ಹಿಡಿದರೆ ಲೇನಿನ ಒಳಗೆರೆಗೆ ಅಂಟಿಕೊಂಡು ಓಡಬಹುದು. ಮುಂದಿನವರ ಹೆಜ್ಜೆಗೆ ಅಡ್ಡ ಬರುವುದಿಲ್ಲ. ಶಾಲೆಯ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ಯಾರೂ ಹಿಂದೆ ತಿರುಗಿ ನೋಡದಂತೆ ಮಾಡುವುದೇ ದೊಡ್ಡ ಕೆಲಸ. ಹಿಂದಿನವರ ಮೇಲೆ ಪೂರ್ತಿ ನಂಬಿಕೆ ಇಟ್ಟು ಕೈ ಹಿಂದೆ ಚಾಚಬೇಕು.

ಆ 41.37 ಎಷ್ಟು ವರ್ಷ ನಿಂತಿತು ಗೊತ್ತಾ? 2012ರ ಲಂಡನ್ ಒಲಿಂಪಿಕ್‌ವರೆಗೆ. ಅಮೆರಿಕದ ನಾಲ್ವರು 40.82 ಓಡಿದಾಗ ಮುರಿಯಿತು.

ಸ್ಪೈಕ್ಸ್_ಶೂ:

ಮೇಷ್ಟ್ರೇ, ಒಂದು ಪ್ರಶ್ನೆ. ಗೋರ್ ಸ್ಟಾರ್ಟ್‌ನಲ್ಲಿ ಬಲು ಚುರುಕು ಅಂತಾರೆ. ಒಳಾಂಗಣ 60 ಮೀಟರ್‌ನಲ್ಲಿ ಯುರೋಪಿಯನ್ ಚಿನ್ನಗಳನ್ನೂ ಗೆದ್ದವರು. ಹಾಗಿದ್ದರೆ 1976ರಂತೆ ಮೊದಲ ಓಟದಲ್ಲೇ ಬಿಡಬಹುದಿತ್ತಲ್ಲ? ಕೊನೆಗೆ ಯಾಕೆ ಹಾಕಿದರು?

ಪಿಟಿ_ಮೇಷ್ಟ್ರು:

ಇದು ನನ್ನ ಅಂದಾಜು ಅಷ್ಟೇ. ಮೊದಲ ಮತ್ತು ಮೂರನೇ ಓಟ ತಿರುವಿನಲ್ಲಿ ಬರುತ್ತವೆ. ಅಲ್ಲಿ 200 ಮೀಟರ್ ಚೆನ್ನಾಗಿ ಓಡುವವರು ಬೇಕು. ಗ್ಲಾಡಿಶ್ ಅಂಥವರು, 1987ರಲ್ಲಿ 200 ಮೀಟರ್ ವಿಶ್ವ ಚಾಂಪಿಯನ್ ಆದರು. ಎರಡನೆಯವರು ಬೇಟನ್ ತೆಗೆದುಕೊಳ್ಳುವುದರಿಂದ ಕೊಡುವವರೆಗೆ ಜಾಸ್ತಿ ದೂರ ಓಡುತ್ತಾರೆ. 1983ರಲ್ಲಿ ಅಲ್ಲಿ ಮರೀಟಾ ಕೋಕ್ ಇದ್ದರು, 400 ಮೀಟರ್ ದಾಖಲೆಯವರು. ನೇರ ಗೆರೆಯಲ್ಲಿ ಪಕ್ಕದವರ ಉಸಿರು ಕೇಳುತ್ತಿದ್ದರೂ ಓಟ ಕೆಡಿಸಿಕೊಳ್ಳದೆ ಮುಗಿಸಬಲ್ಲವರು ಗೋರ್. ಅದಕ್ಕೇ ಕೊನೆ.

ಟ್ರ್ಯಾಕ್_ಪ್ರೇಮಿ:

ಪಕ್ಕದವರು ಅಂದಿರಲ್ಲ, ಮೇಷ್ಟ್ರೇ, ಆ ಪಕ್ಕದವರ ಕಥೆ ಹೇಳಲೇಬೇಕು. ಅಮೆರಿಕದ ಎವೆಲಿನ್ ಆಶ್‌ಫರ್ಡ್. ಇವರಿಬ್ಬರ ಪೈಪೋಟಿ ಇಲ್ಲದೆ ಗೋರ್ ಕಥೆ ಪೂರ್ತಿ ಆಗುವುದಿಲ್ಲ.

1980ರ ಮಾಸ್ಕೋ ಒಲಿಂಪಿಕ್ ಅನ್ನು ಅಮೆರಿಕ ಬಹಿಷ್ಕರಿಸಿತು. ಆಶ್‌ಫರ್ಡ್ ಇಲ್ಲದ ಆ ಓಟದಲ್ಲಿ ಗೋರ್ ಗೆಲ್ಲಬೇಕಿತ್ತು. ಸೋವಿಯತ್‌ನ ಲುದ್ಮಿಲಾ ಕೊಂದ್ರಾತ್ಯೆವಾ 11.06, ಗೋರ್ 11.07. ಒಂದೇ ಒಂದು ಶತಾಂಶ! ಕೆಲವು ದಿನಗಳ ಬಳಿಕ ರಿಲೇಯಲ್ಲಿ ರೋಮಿ ಮ್ಯೂಲರ್, ವೋಕೆಲ್, ಔರ್ಸ್‌ವಾಲ್ಡ್, ಗೋರ್ ಸೇರಿ 41.60 ಓಡಿ ವಿಶ್ವದಾಖಲೆ ಮಾಡಿದರು. ಇದು ಇವರ ಎರಡನೇ ಒಲಿಂಪಿಕ್ ಚಿನ್ನ. ಅಂದಹಾಗೆ, ಅದೇ ಮಾಸ್ಕೋದ 100 ಮೀಟರ್ ಹೀಟ್ಸ್‌ನಲ್ಲಿ ನಮ್ಮ ಪಿ.ಟಿ. ಉಷಾ ಕೂಡ ಓಡಿದ್ದರು, 16ನೇ ವಯಸ್ಸಿನಲ್ಲಿ.

1983 ಇವರ ವರ್ಷ. ಜೂನ್ 8ರಂದು ಬರ್ಲಿನ್‌ನಲ್ಲಿ 10.81, ವಿಶ್ವದಾಖಲೆ. ಒಂದು ತಿಂಗಳೂ ಆಗಿರಲಿಲ್ಲ, ಜುಲೈ 3ರಂದು ಆಶ್‌ಫರ್ಡ್ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ 10.79 ಓಡಿದರು. ಅದು ಎತ್ತರದ ಊರು, ಗಾಳಿ ತೆಳು, ಸ್ಪ್ರಿಂಟರ್‌ಗಳಿಗೆ ಅನುಕೂಲ. ಯಾರು ಮೇಲು ಅಂತ ತೀರ್ಮಾನ ಆಗಬೇಕಿದ್ದದ್ದು ಆಗಸ್ಟ್‌ನಲ್ಲಿ, ಹೆಲ್ಸಿಂಕಿಯ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ. ಫೈನಲ್ ಓಟದ ನಡುವೆಯೇ ಆಶ್‌ಫರ್ಡ್ ತೊಡೆಯ ಹಿಂಭಾಗ ಹಿಡಿದುಕೊಂಡು ಬಿದ್ದರು. ಗೋರ್ 10.97ಕ್ಕೆ ಗೆದ್ದರು, ಕೋಕ್ 11.02. ರಿಲೇಯಲ್ಲೂ ಚಿನ್ನ, 41.76. ಮಹಿಳೆಯರ 100 ಮೀಟರ್‌ನ ಮೊಟ್ಟಮೊದಲ ವಿಶ್ವ ಚಾಂಪಿಯನ್ ಗೋರ್. ಆದರೂ ಆ ಗೆಲುವಿನಲ್ಲಿ ಏನೋ ಕಡಿಮೆ ಆಯಿತು ಅನ್ನಿಸುತ್ತದೆ. ಅದು ಅವರ ತಪ್ಪಲ್ಲ.

1984ರಲ್ಲಿ ಲಾಸ್ ಏಂಜಲೀಸ್‌ಗೆ ಪೂರ್ವ ಜರ್ಮನಿ ಸೇರಿ ಸೋವಿಯತ್ ಬಣದವರು ಹೋಗಲಿಲ್ಲ, ಅವರದ್ದೂ ಬಹಿಷ್ಕಾರ. 26ರ ವಯಸ್ಸು, ಒಳ್ಳೆ ಫಾರ್ಮ್, ಎಲ್ಲ ಇದ್ದೂ ಒಲಿಂಪಿಕ್ ಇಲ್ಲ. ಆಶ್‌ಫರ್ಡ್ 10.97ಕ್ಕೆ ಚಿನ್ನ ಗೆದ್ದರು. ಆಮೇಲೆ ಆಗಸ್ಟ್ 22ರಂದು ಜ್ಯೂರಿಕ್‌ನಲ್ಲಿ ಇಬ್ಬರೂ ಎದುರೆದುರು ಬಂದರು. ಆಶ್‌ಫರ್ಡ್ 10.76, ವಿಶ್ವದಾಖಲೆ. ಗೋರ್ 10.84. ಸೋತ ಓಟದಲ್ಲಿ 10.84! ಇವರ ಬದುಕಿನ ಅತ್ಯಂತ ಒಳ್ಳೆ ಓಟಗಳಲ್ಲಿ ಅದೂ ಒಂದು ಅಂತ ನಾನು ಹೇಳುತ್ತೇನೆ.

ಗೆರೆಯಾಚೆ:

ಅಂದರೆ 1980ರಲ್ಲಿ ಒಬ್ಬರಿಲ್ಲ, 1984ರಲ್ಲಿ ಇನ್ನೊಬ್ಬರಿಲ್ಲ. ರಾಜಕೀಯ ಎರಡು ಒಲಿಂಪಿಕ್‌ನ ಅತ್ಯುತ್ತಮ ಓಟವನ್ನು ನುಂಗಿಬಿಟ್ಟಿತು. ಬೇಜಾರಾಗುತ್ತದೆ.

ಟ್ರ್ಯಾಕ್_ಪ್ರೇಮಿ:

ಹೌದು. ಇಬ್ಬರೂ ಇದ್ದ 1976ರ ಫೈನಲ್ ಬಿಟ್ಟರೆ ಒಲಿಂಪಿಕ್‌ನಲ್ಲಿ ಮತ್ತೆ ಎದುರಾದದ್ದು 1988ರ ಸೋಲ್‌ನಲ್ಲಿ. ಗೋರ್ ಅವರಿಗೆ ಆಗ 30. ಒಬ್ಬಂಟಿ ಓಟದಲ್ಲಿ ಫೈನಲ್‌ಗೆ ಬರಲಿಲ್ಲ. ರಿಲೇಯ ಕೊನೆಯ ಓಟ ಮಾತ್ರ ಅವರದ್ದೇ. ಅಮೆರಿಕದ ಕೊನೆಯ ಓಟ ಆಶ್‌ಫರ್ಡ್ ಅವರದ್ದು. ಗ್ರಿಫಿತ್ ಜಾಯ್ನರ್ ಅವರಿಂದ ಆಶ್‌ಫರ್ಡ್‌ಗೆ ಬೇಟನ್ ಸರಿಯಾಗಿ ಬರಲಿಲ್ಲ, ತಡವಾಯಿತು. ಗೋರ್ ಮುಂದಿದ್ದರು. ನೇರ ಗೆರೆಯಲ್ಲಿ ಆಶ್‌ಫರ್ಡ್ ಹಿಂದಿನಿಂದ ಬಂದು ದಾಟಿದರು. ಅಮೆರಿಕ 41.98, ಪೂರ್ವ ಜರ್ಮನಿ 42.09. ಗೋರ್ ಅವರ ಕೊನೆಯ ಒಲಿಂಪಿಕ್ ಪದಕ ಆ ಬೆಳ್ಳಿ.

ನಡುವೆ ಯುರೋಪಿಯನ್ ಚಾಂಪಿಯನ್‌ಶಿಪ್‌ಗಳಿವೆ. 1978 ಪ್ರಾಗ್, 1982 ಅಥೆನ್ಸ್, 1986 ಸ್ಟುಟ್‌ಗಾರ್ಟ್, ಮೂರರಲ್ಲೂ 100 ಮೀಟರ್ ಚಿನ್ನ. ಸ್ಪ್ರಿಂಟ್‌ನಲ್ಲಿ ಎಂಟು ವರ್ಷ ಮೇಲೆಯೇ ಉಳಿಯುವುದು ಬಹಳ ಅಪರೂಪ.

ನೇರಮಾತು:

ಇಷ್ಟು ಹೊತ್ತು ಓದಿದೆ. ಯಾರೂ ಮುಖ್ಯ ವಿಷಯ ಹೇಳುತ್ತಿಲ್ಲ. ಪೂರ್ವ ಜರ್ಮನಿಯ ಸ್ಪ್ರಿಂಟರ್‌ಗಳೆಲ್ಲ ಔಷಧಿ ಮೇಲೆ ಓಡಿದವರು. ಈ ಸೆಕೆಂಡು, ಶತಾಂಶ ಎಲ್ಲ ಲೆಕ್ಕ ಹಾಕುವುದರಲ್ಲಿ ಅರ್ಥ ಏನಿದೆ?

ಬರ್ಲಿನ್_ಕನ್ನಡತಿ:

ಈ ಪ್ರಶ್ನೆ ಬರಲೇಬೇಕಿತ್ತು. ನಾನು ಇಲ್ಲಿ ಜರ್ಮನಿಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಈ ವಿಷಯ ಇನ್ನೂ ಮುಗಿದಿಲ್ಲ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಟ್ರ್ಯಾಕ್_ಪ್ರೇಮಿ ಅವರು ಯೇನಾ ಹೆಸರು ನೆನಪಿಡಿ ಅಂದಿದ್ದರಲ್ಲ. ಓರಲ್ ಟ್ಯೂರಿನಾಬೋಲ್ ಅನ್ನುವ ಸ್ಟೆರಾಯ್ಡ್ ಮಾತ್ರೆ ತಯಾರಾಗುತ್ತಿದ್ದದ್ದು ಅದೇ ಊರಿನ ಸರ್ಕಾರಿ ಔಷಧಿ ಕಾರ್ಖಾನೆ ಯೇನಾಫಾರ್ಮ್‌ನಲ್ಲಿ. 1974ರಿಂದ ಇದು ಸರ್ಕಾರದ ಗುಟ್ಟಿನ ಯೋಜನೆಯೇ ಆಗಿತ್ತು. ಅದಕ್ಕೆ 14.25 ಅಂತ ಸಂಖ್ಯೆ ಕೊಟ್ಟಿದ್ದರು. ಡಾಕ್ಟರು, ಕೋಚ್, ಅಧಿಕಾರಿ, ಗುಪ್ತ ಪೊಲೀಸ್ ಎಲ್ಲರೂ ಅದರಲ್ಲಿದ್ದರು. ಮಾತ್ರೆಯನ್ನು ‘ಪೂರಕ ಸಾಧನ’ ಅನ್ನುತ್ತಿದ್ದರು. ಅದನ್ನು ನುಂಗಿದವರಲ್ಲಿ ಇನ್ನೂ ಪ್ರಾಯಕ್ಕೆ ಬಾರದ ಹುಡುಗಿಯರೂ ಇದ್ದರು, ಈಜಿನಲ್ಲಂತೂ ಜಾಸ್ತಿ. ಎಷ್ಟೋ ಮಕ್ಕಳಿಗೆ ಅದನ್ನು ವಿಟಮಿನ್ ಅಂತ ಹೇಳಿ ಕೊಟ್ಟಿದ್ದರು. ದನಿ ಗಡಸಾಯಿತು, ಯಕೃತ್ತು ಕೆಟ್ಟಿತು, ಮುಂದೆ ಬಸಿರು ನಿಲ್ಲುವುದೂ ಕಷ್ಟವಾಯಿತು.

ಸಿಕ್ಕಿಬೀಳದ ಹಾಗೆ ವ್ಯವಸ್ಥೆಯೂ ಇತ್ತು. ಡ್ರೆಸ್ಡೆನ್ ಹತ್ತಿರದ ಕ್ರೈಶಾದಲ್ಲಿ ಒಂದು ಪ್ರಯೋಗಾಲಯ. ಕ್ರೀಡಾಪಟುಗಳು ವಿದೇಶಕ್ಕೆ ಹೊರಡುವ ಮುಂಚೆ ಅಲ್ಲಿ ಅವರ ಮೂತ್ರ ಪರೀಕ್ಷೆ ಮಾಡುತ್ತಿದ್ದರು. ಔಷಧಿಯ ಅಂಶ ಇನ್ನೂ ಇದೆ ಅಂತ ಕಂಡರೆ ‘ಗಾಯ’ ಅಂತ ಹೇಳಿ ಮನೆಯಲ್ಲೇ ಉಳಿಸುತ್ತಿದ್ದರು.

ಬರ್ಲಿನ್ ಗೋಡೆ ಬಿದ್ದ ಮೇಲೆ ವಿಜ್ಞಾನಿ ವರ್ನರ್ ಫ್ರಾಂಕೆ ಮತ್ತು ಅವರ ಹೆಂಡತಿ ಬ್ರಿಗಿಟೆ ಬೆರೆನ್‌ಡಾಂಕ್ ಬಾಡ್ ಸಾರೋ ಊರಿನ ಸೇನಾ ವೈದ್ಯಕೀಯ ಅಕಾಡೆಮಿಯಲ್ಲಿ ದಾಖಲೆಗಳನ್ನು ಹುಡುಕಿ ತೆಗೆದರು. ಬೆರೆನ್‌ಡಾಂಕ್ ಕೂಡ ಹಿಂದೆ ಎಸೆತದ ಆಟಗಾರ್ತಿ, ಹುಡುಗಿಯಾಗಿದ್ದಾಗಲೇ ಪೂರ್ವದಿಂದ ಪಶ್ಚಿಮಕ್ಕೆ ಬಂದವರು. 1991ರಲ್ಲಿ ಅವರು ಅದನ್ನೆಲ್ಲ ಪ್ರಕಟಿಸಿದರು. ಯಾರಿಗೆ ಎಷ್ಟು ಮಾತ್ರೆ ಅನ್ನುವ ಪಟ್ಟಿಗಳಿದ್ದವು. ಮಾರ್ಲೀಸ್ ಗೋರ್ ಹೆಸರೂ ಅದರಲ್ಲಿತ್ತು.

ನೇರಮಾತು:

ಹಾಗಾದರೆ ನನ್ನ ಮಾತೇ ಸರಿ ಆಯಿತಲ್ಲ. ದಾಖಲೆ ಅಳಿಸಬೇಕು.

ಬರ್ಲಿನ್_ಕನ್ನಡತಿ:

ಅಳಿಸಿ ಅಂತ ಸ್ವತಃ ಕೇಳಿದ ಒಬ್ಬರಿದ್ದಾರೆ. ಇನೆಸ್ ಗೈಪೆಲ್, ಆಗಿನ ಹೆಸರು ಇನೆಸ್ ಶ್ಮಿಟ್. ಗೋರ್ ಅವರ ಕ್ಲಬ್ಬಿನವರೇ. 1984ರಲ್ಲಿ ಎರ್ಫುರ್ಟ್‌ನಲ್ಲಿ ವೋಕೆಲ್, ಔರ್ಸ್‌ವಾಲ್ಡ್, ಗೋರ್ ಜೊತೆ ಸೇರಿ 42.20 ಓಡಿದರು. ಒಂದೇ ಕ್ಲಬ್ಬಿನ ನಾಲ್ವರು ಓಡಿದ ರಿಲೇಗಳಲ್ಲಿ ಅದು ದಾಖಲೆ. 1989ರಲ್ಲಿ ಗೈಪೆಲ್ ಹಂಗೇರಿ ಮೂಲಕ ಪಶ್ಚಿಮಕ್ಕೆ ಓಡಿಬಂದರು. ಮುಂದೆ ಬರಹಗಾರ್ತಿ, ಬರ್ಲಿನ್‌ನ ನಾಟಕ ಶಾಲೆಯಲ್ಲಿ ಪ್ರಾಧ್ಯಾಪಕಿ. 2000ದಲ್ಲಿ ಪೂರ್ವ ಜರ್ಮನಿಯ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಇವಾಲ್ಡ್ ಮತ್ತು ವೈದ್ಯ ಮಾನ್‌ಫ್ರೆಡ್ ಹೋಪ್ನರ್ ಮೇಲೆ ಕೇಸ್ ನಡೆದಾಗ ದೂರು ಕೊಟ್ಟವರ ಸಾಲಿನಲ್ಲಿ ನಿಂತರು. ಇವಾಲ್ಡ್‌ಗೆ 22 ತಿಂಗಳು, ಹೋಪ್ನರ್‌ಗೆ 18 ತಿಂಗಳು ಶಿಕ್ಷೆ ಆಯಿತು. ಎರಡೂ ಅಮಾನತಿನ ಶಿಕ್ಷೆ, ಅಂದರೆ ಜೈಲಿಗೆ ಹೋಗಲಿಲ್ಲ.

ಆಮೇಲೆ ಗೈಪೆಲ್ ಜರ್ಮನ್ ಅಥ್ಲೆಟಿಕ್ಸ್ ಸಂಘಕ್ಕೆ ಬರೆದರು, ಆ 42.20 ದಾಖಲೆಯಿಂದ ನನ್ನ ಹೆಸರು ತೆಗೆಯಿರಿ ಅಂತ. ಸಂಘ ಮೊದಲು ಒಪ್ಪಲಿಲ್ಲ. ಕೊನೆಗೆ 2006ರಲ್ಲಿ ಅವರ ಹೆಸರಿದ್ದ ಕಡೆ ಒಂದು ನಕ್ಷತ್ರ ಚಿಹ್ನೆ ಹಾಕಿದರು. ಉಳಿದ ಮೂರು ಹೆಸರು, ಗೋರ್ ಅವರದ್ದೂ ಸೇರಿ, ಹಾಗೇ ಇವೆ. ಗೈಪೆಲ್ ಮುಂದೆ ಡೋಪಿಂಗ್ ಸಂತ್ರಸ್ತರ ಸಂಘದ ಅಧ್ಯಕ್ಷೆಯೂ ಆದರು. 2016ರಲ್ಲಿ ಬಂದ ಎರಡನೇ ಪರಿಹಾರ ಕಾನೂನಿನಲ್ಲಿ ಒಬ್ಬೊಬ್ಬರಿಗೆ 10,500 ಯೂರೋ ಸಿಕ್ಕಿತು. ಕೆಟ್ಟ ಆರೋಗ್ಯದ ಮುಂದೆ ಇದು ದೊಡ್ಡ ಮೊತ್ತ ಏನಲ್ಲ.

ಉಡುಪಿ_ಓಟ:

ಇದನ್ನು ಓದುವಾಗ ನಮ್ಮ ಕರಾವಳಿಯ ಅಶ್ವಿನಿ ಅಕ್ಕುಂಜಿ ನೆನಪಾದರು. 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ, ಅದರಲ್ಲಿ ಒಂದು 4x400 ರಿಲೇ. ಮರುವರ್ಷ ತಂಡದ ಇನ್ನೂ ಕೆಲವರ ಜೊತೆ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್‌ಸೆಂಗ್ ಮಾತ್ರೆಯಲ್ಲಿ ಏನಿತ್ತೋ ಗೊತ್ತಿಲ್ಲ ಅಂತ ಹುಡುಗಿಯರು ಹೇಳಿದರು. ಉಕ್ರೇನ್‌ನ ಆ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನು ತೆಗೆದುಹಾಕಿದರು. ಮೊದಲು ಒಂದು ವರ್ಷ ಇದ್ದ ನಿಷೇಧ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯದಲ್ಲಿ ಎರಡು ವರ್ಷ ಆಯಿತು. ನಿಯಮದ ಪ್ರಕಾರ ದೇಹದೊಳಗೆ ಹೋದದ್ದಕ್ಕೆ ಆಟಗಾರರೇ ಹೊಣೆ. ನಿಯಮ ಬೇಕು, ಒಪ್ಪುತ್ತೇನೆ. ಆದರೆ ಹೊಣೆ ಹೊತ್ತವರು ಯಾವಾಗಲೂ ಓಡಿದವರೇ. ಕೊಟ್ಟವರು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ.

ನೇರಮಾತು:

ಅಲ್ಲಿ ಪರೀಕ್ಷೆ ಆಯಿತು, ಶಿಕ್ಷೆಯೂ ಆಯಿತು. ಗೋರ್ ವಿಷಯದಲ್ಲಿ ಏನೂ ಆಗಲಿಲ್ಲ. ಪದಕವೂ ಉಳಿಯಿತು, ದಾಖಲೆಯೂ ಉಳಿಯಿತು. ಅವರು ಸೋಲಿಸಿದವರ ಗತಿ ಏನು? 1983ರ ರಿಲೇಯಲ್ಲಿ ಬ್ರಿಟನ್ ಎರಡನೆಯದು, ಜಮೈಕಾ ಮೂರನೆಯದು. ಆ ಹುಡುಗಿಯರ ಬಗ್ಗೆ ಯಾರು ಬರೆಯುತ್ತಾರೆ?

ಟ್ರ್ಯಾಕ್_ಪ್ರೇಮಿ:

ಈ ಪ್ರಶ್ನೆಗೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು. ಬ್ರಿಟನ್‌ನವರು 42.71, ಜಮೈಕಾದವರು 42.73 ಓಡಿದ್ದರು. ಹೆಚ್ಚುಕಡಿಮೆ ಒಂದು ಸೆಕೆಂಡ್ ಹಿಂದೆ. ಆ ಸೆಕೆಂಡಿನಲ್ಲಿ ಅಭ್ಯಾಸದ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಅಂತ ಯಾರಿಗೂ ಬಿಡಿಸಿ ಹೇಳಲು ಆಗುವುದಿಲ್ಲ. ನನಗೆ ಅತ್ಯಂತ ನೋವಾಗುವುದು ಇದೇ. ಗೋರ್ ಅವರಿಗೂ ಅದು ತಿಳಿಯುವ ಹಾಗಿಲ್ಲ. ಮಾತ್ರೆ ಇಲ್ಲದಿದ್ದರೆ ತಾನು ಎಷ್ಟು ಓಡುತ್ತಿದ್ದೆ ಅನ್ನುವುದನ್ನು ಆ ವ್ಯವಸ್ಥೆ ಅವರಿಂದಲೇ ಕಿತ್ತುಕೊಂಡಿತು.

ಆದರೂ ಅಳಿಸುವುದನ್ನು ನಾನು ಒಪ್ಪುವುದಿಲ್ಲ. ಅಳಿಸಿದರೆ ಓಟಗಾರ್ತಿಯ ಹೆಸರಿನ ಜೊತೆ ಮಾತ್ರೆ ಕೊಟ್ಟವರ ಕೆಲಸವೂ ಮಾಯವಾಗುತ್ತದೆ. 10.88 ಅಂತ ಬರೆಯುವಾಗಲೇ ಅದರ ಪಕ್ಕದಲ್ಲಿ 14.25 ಕೂಡ ಬರೆಯಬೇಕು. ಕ್ಯಾನ್‌ಬೆರಾದ 41.37 ಹೇಳುವಾಗ ಬಾಡ್ ಸಾರೋ ಕಡತವನ್ನೂ ಹೇಳಬೇಕು. ಇವರ ಬಗ್ಗೆ ಬರುವ ಬರಹಗಳಲ್ಲಿ ಒಂದೋ ಪದಕದ ಪಟ್ಟಿ ಇರುತ್ತದೆ, ಇಲ್ಲವೇ ಬರೀ ಬೈಗುಳ ಇರುತ್ತದೆ. ನಾನು ಈ ಚರ್ಚೆ ಶುರು ಮಾಡಿದ್ದೇ ಅದಕ್ಕೆ.

ರಿಲೇಯಿಂದ ಶುರು ಮಾಡಿ ಅಂತ ಹೇಳಿದ್ದೂ ಇದೇ ಕಾರಣಕ್ಕೆ. ಯಾರು ಯಾರಿಂದ ಏನು ತೆಗೆದುಕೊಂಡರು, ಯಾರು ಕೊಟ್ಟರು ಅಂತ ಆಗ ಕೇಳಲೇಬೇಕಾಗುತ್ತದೆ. ಗೋರ್ ಒಬ್ಬರನ್ನೇ ನೋಡಿದರೆ ಅವರೊಬ್ಬರೇ ಕಾಣುತ್ತಾರೆ, ಇಡೀ ಯೇನಾ ಕಾಣುವುದಿಲ್ಲ.

ಪಿಟಿ_ಮೇಷ್ಟ್ರು:

ಒಪ್ಪಿದೆ. ಮಕ್ಕಳಿಗೆ ಕಲಿಸುವವನಾಗಿ ನನ್ನದೊಂದು ಮಾತು. ಕೈ ಹಿಂದೆ ಚಾಚಿ ನೋಡದೇ ತೆಗೆದುಕೊಳ್ಳಿ ಅಂತ ನಾವೇ ಕಲಿಸುತ್ತೇವೆ. ಆ ನಂಬಿಕೆಯನ್ನು ಬಳಸಿಕೊಂಡು ಮಾತ್ರೆ ಕೈಗಿಟ್ಟವರನ್ನು ನಾನು ಕ್ಷಮಿಸಲಾರೆ.

ಸ್ಪೈಕ್ಸ್_ಶೂ:

2017ರಲ್ಲಿ ಯುರೋಪಿಯನ್ ಅಥ್ಲೆಟಿಕ್ಸ್ 2005ಕ್ಕೂ ಮುಂಚಿನ ದಾಖಲೆಗಳನ್ನೆಲ್ಲ ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡೋಣ ಅಂತ ಹೇಳಿತ್ತಲ್ಲ. ಅದು ಏನಾಯಿತು?

ಬರ್ಲಿನ್_ಕನ್ನಡತಿ:

ಜಾರಿಗೆ ಬರಲಿಲ್ಲ. ಪರೀಕ್ಷೆಯ ಮಾದರಿಯನ್ನು ಹತ್ತು ವರ್ಷ ಜೋಪಾನ ಮಾಡಿಟ್ಟಿರುವ ದಾಖಲೆಗಳನ್ನು ಮಾತ್ರ ಒಪ್ಪಬೇಕು ಅನ್ನುವುದು ಅವರ ಆಲೋಚನೆ. ಶುದ್ಧವಾಗಿ ಓಡಿದ ಹಳಬರು ಜೋರಾಗಿ ವಿರೋಧಿಸಿದರು. ಬ್ರಿಟನ್‌ನ ಪೌಲಾ ರಾಡ್‌ಕ್ಲಿಫ್ ಅವರ ಮ್ಯಾರಥಾನ್ ದಾಖಲೆಯೂ ಅದರಲ್ಲಿ ಹೋಗುತ್ತಿತ್ತು. ಅವರ ಸಿಟ್ಟಿನಲ್ಲೂ ನ್ಯಾಯ ಇತ್ತು.

ಹೀಗಾಗಿ ಜರ್ಮನಿಯ 100 ಮೀಟರ್ ರಾಷ್ಟ್ರೀಯ ದಾಖಲೆ ಇವತ್ತಿಗೂ ಗೋರ್ ಅವರ 10.81. ರಿಲೇ ದಾಖಲೆ ಕ್ಯಾನ್‌ಬೆರಾದ ಅದೇ 41.37. ಗೀನಾ ಲ್ಯೂಕೆನ್‌ಕೆಂಪರ್ 2022ರಲ್ಲಿ ಮ್ಯೂನಿಕ್‌ನಲ್ಲಿ 10.99 ಓಡಿ ಯುರೋಪಿಯನ್ ಚಾಂಪಿಯನ್ ಆದಾಗ ಸ್ಟೇಡಿಯಂ ಹುಚ್ಚೆದ್ದು ಕುಣಿಯಿತು. ಗೆರೆ ದಾಟುವಾಗ ಬಿದ್ದು ಮೊಣಕಾಲು ಸೀಳಿಕೊಂಡಿದ್ದರು, ಹೊಲಿಗೆ ಹಾಕಬೇಕಾಯಿತು. 2024ರ ಪ್ಯಾರಿಸ್ ಒಲಿಂಪಿಕ್‌ನಲ್ಲಿ ಬುರ್ಗ್‌ಹಾರ್ಟ್, ಮೇಯರ್, ಲ್ಯೂಕೆನ್‌ಕೆಂಪರ್, ಹಾಸೆ ನಾಲ್ವರು ಮಳೆ ಬಿದ್ದು ಒದ್ದೆಯಾದ ಟ್ರ್ಯಾಕ್‌ನಲ್ಲಿ 41.97 ಓಡಿ ಕಂಚು ಗೆದ್ದರು. ಇಷ್ಟಾದರೂ ಜರ್ಮನಿಯ ಪಟ್ಟಿ ತೆಗೆದರೆ ಮೇಲೆ ಇರುವುದು 1983 ಮತ್ತು 1985.

ಗೆರೆಯಾಚೆ:

ಪ್ಯಾರಿಸ್‌ನ ಆ ಓಟ ನಾನು ನೋಡಿದ್ದೆ. ಲ್ಯೂಕೆನ್‌ಕೆಂಪರ್ ಮೂರನೇ ಓಟ, ಕೊನೆಗೆ ಹಾಸೆ. ತಂಡದ ಅತಿ ವೇಗದವರನ್ನು ತಿರುವಿಗೆ ಹಾಕಿದ್ದರು. ಗೋರ್ ಕಾಲದ ಲೆಕ್ಕಕ್ಕೆ ಇದು ಉಲ್ಟಾ ಅಲ್ವಾ ಮೇಷ್ಟ್ರೇ? ಇದರ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ನಾವೆಲ್ಲ ಬರುತ್ತೇವೆ.